ಅಲ್ಲಿರುವ ಕಡತವನ್ನು ಇಲ್ಲಿಂದಲೇ ತಿದ್ದುವ ಬಗೆ

ಜಾಲತಾಣವೊಂದರ ಪುಟಗಳಾಗಲಿ, ಆ ತಾಣವನ್ನು ನಡೆಸುವ ಸರ್ವರ್‌ನ ಸಂರಚನಾ ಕಡತಗಳಾಗಲಿ, ವಿಜ್ಞಾನಿಗಳು ಮಹಾಗಣಕಗಳ ಮೇಲೆ ಓಡಿಸುವ ಲೆಕ್ಕಾಚಾರದ ಪ್ರೋಗ್ರಾಂಗಳಾಗಲಿ ಮೂಲದಲ್ಲಿ ಬರಿಯ ಪಠ್ಯದ ಕಡತಗಳೇ. ಆದರೆ ಅವನ್ನು ಬರೆಯುವವರು ಒಂದು ಊರಿನಲ್ಲಿದ್ದರೆ ಅವು ಇರುವ ಯಂತ್ರ ಇನ್ನೊಂದು ಊರಿನಲ್ಲಿ, ಎಷ್ಟೋ ಸಲ ಇನ್ನೊಂದು ಖಂಡದಲ್ಲಿ ಇರುತ್ತದೆ. ಅಂಥ ಕಡತದ ಒಂದೇ ಒಂದು ಸಾಲನ್ನು ಬದಲಿಸಬೇಕಾಗಿ ಬಂದಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಕಳೆದ ಐವತ್ತು ವರ್ಷಗಳಲ್ಲಿ ಹಲವು ಉತ್ತರಗಳು ದೊರೆತಿವೆ. ಅಕ್ಷರಗಳನ್ನು ಬಣ್ಣ, ಗಾತ್ರ, ಅಲಂಕಾರಗಳ ಗೊಡವೆಯಿಲ್ಲದೆ ಬರೆದು, ತಿದ್ದಿ, ಉಳಿಸುವ ತಂತ್ರಾಂಶಕ್ಕೆ ಟೆಕ್ಸ್ಟ್ ಎಡಿಟರ್ ಎಂದು ಹೆಸರು. ಆ ಉತ್ತರಗಳು ಒಂದರಿಂದೊಂದು ಬೇರೆಯಾಗುವುದು ಈ ಎಡಿಟರ್‌ನ ಕೆಲಸವನ್ನು ಎರಡು ಯಂತ್ರಗಳ ನಡುವೆ ಹೇಗೆ ಹಂಚಲಾಗಿದೆ ಎಂಬ ಒಂದು ವಿಷಯದಲ್ಲಿ ಮಾತ್ರ. ಒತ್ತಿದ ಕೀಲಿ ದಾರಿ ಸವೆಸಬೇಕೇ, ಇಡೀ ಕಡತ ಸವೆಸಬೇಕೇ, ಕಡತದ ಬಗೆಗಿನ ಪ್ರಶ್ನೆಗಳು ಓಡಾಡಬೇಕೇ ಅಥವಾ ಎಡಿಟರ್‌ನ ಅರ್ಧ ಭಾಗವೇ ಅಲ್ಲಿಗೆ ಹೋಗಿ ನೆಲೆಸಬೇಕೇ ಎಂಬುದರ ಮೇಲೆ ಕೆಲಸದ ವೇಗವೂ ಅದರ ಅಪಾಯಗಳೂ ನಿರ್ಧಾರವಾಗುತ್ತವೆ.

ಮೊದಲನೆಯ ಹಂಚಿಕೆ ಎಲ್ಲಕ್ಕಿಂತ ಸರಳವಾದದ್ದು. ಕಡತವಿರುವ ಯಂತ್ರದಲ್ಲೇ ಎಡಿಟರ್ ಕೂಡ ಓಡುತ್ತದೆ. ಇತ್ತ ಬರುವುದು ಪರದೆಯ ಮೇಲಿನ ಅಕ್ಷರಗಳು, ಅತ್ತ ಹೋಗುವುದು ಒತ್ತಿದ ಕೀಲಿಗಳು. ಕೀಲಿಮಣೆ ಮತ್ತು ಪರದೆ ಇದ್ದು ಸ್ವಂತ ಗಣನಶಕ್ತಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಟರ್ಮಿನಲ್‌ಗಳ ಕಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ. 1976ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಬಿಲ್ ಜಾಯ್ ಅವರು ವಿಐ ಎಂಬ ಎಡಿಟರನ್ನು ರೂಪಿಸುತ್ತಿದ್ದಾಗ ಮನೆಯಿಂದ ಕೆಲಸ ಮಾಡಲು ಅವರಿಗಿದ್ದದ್ದು 300 ಬಾಡ್ ವೇಗದ ಮೋಡೆಮ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರಗಳನ್ನು ದೂರವಾಣಿ ತಂತಿಯ ಮೇಲೆ ಸಾಗಿಸಬಲ್ಲ ಸಾಧನ. ಸಾಲಿಗೆ 80 ಅಕ್ಷರಗಳಂತೆ 24 ಸಾಲುಗಳ ಪರದೆಯೊಂದನ್ನು ಆ ವೇಗದಲ್ಲಿ ಒಮ್ಮೆ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಇಂದಿಗೂ ಹೊಸಬರನ್ನು ಕಂಗೆಡಿಸುವ ವಿಐ ಎಡಿಟರ್‌ನ ಒಂದೆರಡು ಅಕ್ಷರಗಳ ಆಜ್ಞೆಗಳು (ಸಾಲನ್ನು ಅಳಿಸಲು 'ಡಿ' ಕೀಲಿಯನ್ನು ಎರಡು ಬಾರಿ ಒತ್ತಿದರೆ ಆಯಿತು) ಆ ಬಡತನದಲ್ಲಿ ಹುಟ್ಟಿದ ಮಿತವ್ಯಯವೇ ಹೊರತು ಕರ್ತೃವಿನ ವಿಲಕ್ಷಣ ಅಭಿರುಚಿಯಲ್ಲ.

ತಂತಿಗಳು ಈಗ ವಿಶಾಲವಾಗಿವೆ, ಆದರೆ ದೂರ ಕುಗ್ಗಿಲ್ಲ. ಬೆಂಗಳೂರಿನಿಂದ ನ್ಯೂಯಾರ್ಕ್‌ಗೆ ಭೂಮಿಯ ಮೇಲ್ಮೈಯ ಅತಿ ಹತ್ತಿರದ ದಾರಿಯಲ್ಲೇ 13,000 ಕಿಲೋಮೀಟರಿಗೂ ಹೆಚ್ಚು ಅಂತರವಿದ್ದು, ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಸಾಗುವುದರಿಂದ, ಹೋಗಿ ಬರುವ ಒಂದು ಸುತ್ತಿಗೆ ಎಷ್ಟೇ ಹಣ ಸುರಿದರೂ 130 ಮಿಲಿಸೆಕೆಂಡುಗಳಿಗಿಂತ ಕಡಿಮೆ ಸಮಯ ಸಾಲದು; ಸಮುದ್ರದಡಿಯ ಕೇಬಲ್‌ಗಳ ಬಳಸುದಾರಿ, ನಡುವಿನ ಉಪಕರಣಗಳ ವಿಳಂಬ ಸೇರಿದರೆ ಅದು 200 ಮಿಲಿಸೆಕೆಂಡುಗಳನ್ನು ಸುಲಭವಾಗಿ ದಾಟುತ್ತದೆ. ಅಮೆರಿಕದ ಸರ್ವರ್‌ಗಳ ಮೇಲೆ ಕೆಲಸ ಮಾಡುವ ಬೆಂಗಳೂರಿನ ತಂತ್ರಜ್ಞರಿಗೆ ಒತ್ತಿದ ಅಕ್ಷರ ಪರದೆಯ ಮೇಲೆ ತಡವಾಗಿ ಮೂಡುವುದರ ಕಿರಿಕಿರಿ ಚೆನ್ನಾಗಿ ಗೊತ್ತು. 2012ರಲ್ಲಿ ಎಂಐಟಿಯ ಕೀತ್ ವಿನ್‌ಸ್ಟೀನ್ ಮತ್ತು ಹರಿ ಬಾಲಕೃಷ್ಣನ್ ಪ್ರಕಟಿಸಿದ ಮಾಶ್ ಎಂಬ ತಂತ್ರಾಂಶ ಈ ತೊಂದರೆಗೆ ಒಂದು ಜಾಣ ಉಪಶಮನವನ್ನು ಕೊಟ್ಟಿತು: ಒತ್ತಿದ ಅಕ್ಷರ ಪರದೆಯ ಮೇಲೆ ಎಲ್ಲಿ ಕಾಣಿಸಿಕೊಳ್ಳಬಹುದೆಂದು ಅದು ಊಹಿಸಿ, ಅಡಿಗೆರೆಯೊಂದಿಗೆ ಆಗಲೇ ತೋರಿಸಿಬಿಟ್ಟು, ಸರ್ವರ್‌ನಿಂದ ಖಾತರಿ ಬಂದ ಮೇಲೆ ಅಡಿಗೆರೆಯನ್ನು ತೆಗೆದುಹಾಕುತ್ತದೆ.

ಎರಡನೆಯ ದಾರಿ ಕಡತವನ್ನೇ ಇತ್ತ ತರಿಸಿಕೊಂಡು, ತಿದ್ದಿ, ಅತ್ತ ಮರಳಿಸುವುದು. ಇದಕ್ಕೆ ಬೇಕಾದ ಮೊದಲ ವ್ಯವಸ್ಥಿತ ನಿಯಮಾವಳಿಯನ್ನು, ಅಂದರೆ ಎರಡು ಯಂತ್ರಗಳು ಪರಸ್ಪರ ಯಾವ ಕ್ರಮದಲ್ಲಿ ಮಾತನಾಡಬೇಕೆಂಬ ಒಪ್ಪಂದವನ್ನು, 1971ರ ಏಪ್ರಿಲ್‌ನಲ್ಲಿ ಬರೆದವರು ಕಾನ್ಪುರ ಐಐಟಿಯ ಮೊದಲ ತಂಡದ ಪದವೀಧರರಾಗಿ ಆಗ ಎಂಐಟಿಯಲ್ಲಿದ್ದ ಅಭಯ್ ಭೂಷಣ್. ಎಫ್‌ಟಿಪಿ ಎಂಬ ಆ ಒಪ್ಪಂದ ಅರ್ಧ ಶತಮಾನ ಬಾಳಿತು. ಮುಖ್ಯ ಬ್ರೌಸರ್‌ಗಳು ಅದಕ್ಕೆ ಬೆಂಬಲ ನಿಲ್ಲಿಸಿದ್ದು 2021ರಲ್ಲಿ. ವಿಂಡೋಸ್ ಸಾಲಿನ ಕೊನೆಯನ್ನು ಎರಡು ಸಂಕೇತಗಳಿಂದಲೂ ಯುನಿಕ್ಸ್ ಒಂದೇ ಸಂಕೇತದಿಂದಲೂ ಗುರುತಿಸುವುದರಿಂದ, ಇಂಥ ಭೇದಗಳನ್ನು ಸರಿದೂಗಿಸಲು ಎಫ್‌ಟಿಪಿಯಲ್ಲಿ ಪಠ್ಯಕ್ಕೊಂದು, ಉಳಿದುದಕ್ಕೊಂದು ಎಂದು ಎರಡು ವಿಧಾನಗಳಿದ್ದವು. ಪಠ್ಯದ ವಿಧಾನದಲ್ಲಿ ಅಪ್ಪಿತಪ್ಪಿ ಚಿತ್ರವನ್ನು ಕಳುಹಿಸಿದರೆ ಅದರೊಳಗಿನ ಬೈಟ್‌ಗಳೂ ಸಾಲಿನ ಕೊನೆಗಳೆಂದು ಭಾವಿಸಲ್ಪಟ್ಟು ಬದಲಾಗಿ, ಚಿತ್ರ ತೆರೆಯದಂತಾಗುತ್ತಿತ್ತು. ವಿನ್‌ಎಸ್‌ಸಿಪಿಯಂಥ ಇಂದಿನ ಸಾಧನಗಳು ಇದೇ ದಾರಿಯನ್ನು ನಯಗೊಳಿಸಿವೆ. ಅವು ಕಡತವನ್ನು ತಾತ್ಕಾಲಿಕ ಕೋಶವೊಂದಕ್ಕೆ ಇಳಿಸಿ, ಎಡಿಟರ್‌ನಲ್ಲಿ ತೆರೆದು, ಬಳಕೆದಾರರು ಉಳಿಸಿದಾಗಲೆಲ್ಲ ಅದನ್ನು ಗಮನಿಸಿ ಮೇಲಕ್ಕೆ ಕಳುಹಿಸುತ್ತವೆ. ಈ ಏರ್ಪಾಡಿನಲ್ಲಿ ತಾನು ತೆರೆದಿರುವುದು ದೂರದ ಕಡತದ ನಕಲು ಎಂಬುದೇ ಎಡಿಟರ್‌ಗೆ ಗೊತ್ತಿರುವುದಿಲ್ಲ. ನಡುವೆ ಸಂಪರ್ಕ ಕಡಿದರೂ ಅದು 'ಉಳಿಸಲಾಗಿದೆ' ಎಂದೇ ವರದಿ ಮಾಡುತ್ತದೆ.

ಎಫ್‌ಟಿಪಿಯ ದೊಡ್ಡ ದೋಷವಿದ್ದದ್ದು ಬೇರೆಡೆ. ಗುಪ್ತಪದವೂ ಕಡತವೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಸಾಗುತ್ತಿದ್ದು, ನಡುದಾರಿಯಲ್ಲಿ ಕದ್ದಾಲಿಸುವವರಿಗೆ ಅಡ್ಡಿಯೇ ಇರಲಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಅಂಥದೊಂದು ಗುಪ್ತಪದ ಕಳ್ಳತನ ನಡೆದ ಮೇಲೆ ಅಲ್ಲಿನ ಟಾಟು ಯ್ಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಆಧಾರಿತ ಸಂಪರ್ಕವ್ಯವಸ್ಥೆಯನ್ನು ರೂಪಿಸಿದರು. ಯಂತ್ರದ ಒಂದೊಂದು ಸೇವೆಯನ್ನು ಗುರುತಿಸುವ ದ್ವಾರಸಂಖ್ಯೆಗಳಲ್ಲಿ ಎಫ್‌ಟಿಪಿಗೆ 21, ದೂರದ ಯಂತ್ರಕ್ಕೆ ಲಾಗಿನ್ ಆಗುವ ಟೆಲ್‌ನೆಟ್‌ಗೆ 23 ಇದ್ದುದರಿಂದ ನಡುವೆ ಖಾಲಿಯಿದ್ದ 22ನ್ನು ಕೇಳಿ ಪಡೆದರು. ಇಂದು ದೂರದ ಕಡತಗಳನ್ನು ತಿದ್ದುವ ಪದ್ಧತಿಗಳಲ್ಲಿ ಬಹುಪಾಲು ಈ 22ನೆಯ ದ್ವಾರದ ಮೂಲಕವೇ ನಡೆಯುತ್ತವೆ.

ಮೂರನೆಯ ದಾರಿಯಲ್ಲಿ ಎಡಿಟರ್ ಇಲ್ಲಿಯೇ ಇರುತ್ತದೆ, ಆದರೆ ಕಡತ ದೂರದಲ್ಲಿದೆಯೆಂಬ ಅರಿವು ಅದಕ್ಕಿರುತ್ತದೆ. ಈ ವಿಚಾರ ಅತ್ಯಂತ ಸಮೃದ್ಧವಾಗಿ ಬೆಳೆದದ್ದು ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ. ಈಮ್ಯಾಕ್ಸ್ ಕಡತವೊಂದನ್ನು ತೆರೆಯುವ, ಉಳಿಸುವ, ಅಳಿಸುವ, ಹೆಸರು ಬದಲಿಸುವ ಯಾವುದೇ ಕೆಲಸಕ್ಕೆ ಮುನ್ನ ಕಡತದ ಹೆಸರನ್ನು ಒಂದು ಪಟ್ಟಿಯೊಂದಿಗೆ ಹೋಲಿಸಿ ನೋಡುತ್ತದೆ. ಹೆಸರು ಪಟ್ಟಿಯಲ್ಲಿನ ಯಾವುದಾದರೂ ವಿನ್ಯಾಸಕ್ಕೆ ಹೊಂದಿದರೆ ಆ ಕೆಲಸವನ್ನು ತಾನು ಮಾಡದೆ, ಆ ವಿನ್ಯಾಸಕ್ಕೆ ನೇಮಿಸಲಾದ ಬೇರೊಂದು ಪ್ರೋಗ್ರಾಂಗೆ ವಹಿಸಿಬಿಡುತ್ತದೆ. 1980ರ ದಶಕದ ಕೊನೆಯಲ್ಲಿ ಆಂಡಿ ನಾರ್ಮನ್ ಬರೆದ ಆಂಜ್-ಎಫ್‌ಟಿಪಿ ಎಂಬ ಸೇರ್ಪಡೆಯಿಂದಾಗಿ, ಕಡತದ ಹೆಸರಿನೊಳಗೇ ಯಂತ್ರದ ಹೆಸರನ್ನೂ ಬರೆದರೆ ಈಮ್ಯಾಕ್ಸ್ ತಾನಾಗಿ ಎಫ್‌ಟಿಪಿಯ ಮೊರೆಹೋಗುವಂತಾಯಿತು. ಬಳಕೆದಾರರಿಗೆ ಹೊಸ ಆಜ್ಞೆ ಕಲಿಯುವ ಹೊರೆಯಿರಲಿಲ್ಲ; ಹತ್ತಿರದ ಕಡತವನ್ನು ತೆರೆಯುವ ಕೀಲಿಗಳೇ ದೂರದ ಕಡತವನ್ನೂ ತೆರೆಯುತ್ತಿದ್ದವು.

1998ರ ನವೆಂಬರ್ ಕೊನೆಯಲ್ಲಿ ಕೈ ಗ್ರೋಸ್‌ಯೋಹಾನ್ ಆರಂಭಿಸಿದ, ಬಳಿಕ ಮೈಕೇಲ್ ಆಲ್ಬಿನಸ್ ದೀರ್ಘಕಾಲ ನಿರ್ವಹಿಸುತ್ತ ಬಂದಿರುವ ಟ್ರ್ಯಾಂಪ್ ಎಂಬ ಸೇರ್ಪಡೆ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಇದರಲ್ಲಿ ಕಡತದ ಹೆಸರು ಓರೆಗೆರೆಯೊಂದರಿಂದ ಆರಂಭವಾಗಿ, ಎಸ್‌ಎಸ್‌ಎಚ್ ಎಂಬ ವಿಧಾನದ ಹೆಸರು, ಕೋಲನ್, ಬಳಕೆದಾರರ ಹೆಸರು, ಅಟ್ ಚಿಹ್ನೆ, ಯಂತ್ರದ ಹೆಸರು, ಮತ್ತೊಂದು ಕೋಲನ್ ಇವುಗಳನ್ನು ದಾಟಿ ಆ ಯಂತ್ರದೊಳಗಿನ ಕಡತದ ದಾರಿಯಲ್ಲಿ ಮುಗಿಯುತ್ತದೆ. ಟ್ರ್ಯಾಂಪ್‌ನ ವೈಶಿಷ್ಟ್ಯವಿರುವುದು ಅದು ದೂರದ ಯಂತ್ರದಿಂದ ಏನನ್ನೂ ವಿಶೇಷವಾಗಿ ಬೇಡುವುದಿಲ್ಲ ಎಂಬುದರಲ್ಲಿ. ಆಜ್ಞೆಗಳನ್ನು ಪಡೆದು ನಡೆಸುವ ಶೆಲ್ ಎಂಬ ಪ್ರೋಗ್ರಾಂ ಎಲ್ಲ ಯುನಿಕ್ಸ್ ಯಂತ್ರಗಳಲ್ಲೂ ಇದ್ದೇ ಇರುತ್ತದೆ. ಟ್ರ್ಯಾಂಪ್ ಮನುಷ್ಯರಂತೆಯೇ ಅದರೊಳಗೆ ಲಾಗಿನ್ ಆಗಿ, ಮನುಷ್ಯರು ಬೆರಳಚ್ಚಿಸುವ ಆಜ್ಞೆಗಳನ್ನೇ ಕಳುಹಿಸಿ, ಪರದೆಯ ಮೇಲೆ ಬರಬೇಕಾಗಿದ್ದ ಉತ್ತರವನ್ನು ಓದಿಕೊಳ್ಳುತ್ತದೆ. ಆಜ್ಞೆಯ ಉತ್ತರ ಎಲ್ಲಿಗೆ ಮುಗಿಯಿತು ಎಂಬುದು ಅದಕ್ಕೆ ತಿಳಿಯುವುದು ಶೆಲ್ ಮುಂದಿನ ಆಜ್ಞೆಗೆ ಸಿದ್ಧವೆಂದು ತೋರಿಸುವ ಪ್ರಾಂಪ್ಟ್ ಎಂಬ ಗುರುತಿನಿಂದ. ಕೆಲವರು ತಮ್ಮ ಪ್ರಾಂಪ್ಟ್‌ಗೆ ಬಣ್ಣ, ಗಡಿಯಾರ, ಚಿತ್ರಾಕ್ಷರಗಳನ್ನೆಲ್ಲ ತೊಡಿಸಿರುತ್ತಾರೆ. ಅಂಥ ಅಲಂಕಾರವನ್ನು ಗುರುತಿಸಲಾರದೆ ಟ್ರ್ಯಾಂಪ್ ಉತ್ತರಕ್ಕಾಗಿ ಕಾಯುತ್ತ ಕೂರುವುದೇ ಬಳಕೆದಾರರು ಅತಿ ಹೆಚ್ಚು ಗೊಣಗುವ ತೊಂದರೆಗಳಲ್ಲೊಂದು. ಪರಿಹಾರವೂ ಅಷ್ಟೇ ಸರಳ: ಎದುರಿಗಿರುವ ಟರ್ಮಿನಲ್ 'ದಡ್ಡ' ಎಂದು ಟ್ರ್ಯಾಂಪ್ ಘೋಷಿಸಿಕೊಳ್ಳುವುದರಿಂದ, ಆ ಘೋಷಣೆಯನ್ನು ಕಂಡಾಗ ಅಲಂಕಾರ ಬಿಡುವಂತೆ ಶೆಲ್‌ಗೆ ಒಂದು ಸಾಲಿನ ಸೂಚನೆ ಬರೆದಿಟ್ಟರೆ ಸಾಕು.

ಕಡತದ ಒಡಲನ್ನು ಈ ಮಾತುಕತೆಯ ನಡುವೆಯೇ ಸಾಗಿಸುವುದು ಇನ್ನೊಂದು ಸಮಸ್ಯೆ. ಟರ್ಮಿನಲ್‌ನ ದಾರಿಯಲ್ಲಿ ಕೆಲವು ಬೈಟ್‌ಗಳಿಗೆ ಸ್ವಂತ ಅರ್ಥವಿದೆ. 3ನೆಯ ಸಂಖ್ಯೆಯ ಬೈಟ್ ಬಂದರೆ ಅದು 'ನಡೆಯುತ್ತಿರುವ ಕೆಲಸ ನಿಲ್ಲಿಸು' ಎಂದೂ 4ನೆಯದು ಬಂದರೆ 'ಇನ್ನೇನೂ ಇಲ್ಲ' ಎಂದೂ ಓದಿಕೊಳ್ಳಲ್ಪಡುತ್ತದೆ. ಆದ್ದರಿಂದ ಟ್ರ್ಯಾಂಪ್ ಕಡತವನ್ನು ಬೇಸ್64 ಎಂಬ ವೇಷದಲ್ಲಿ ಕಳುಹಿಸುತ್ತದೆ. ಈ ವಿಧಾನ ಪ್ರತಿ ಮೂರು ಬೈಟ್‌ಗಳನ್ನು, ಅಂದರೆ 24 ಬಿಟ್‌ಗಳನ್ನು, ಆರಾರು ಬಿಟ್‌ಗಳ ನಾಲ್ಕು ತುಂಡುಗಳಾಗಿಸಿ, ಪ್ರತಿ ತುಂಡಿಗೂ ಯಾವ ಅಪಾಯವೂ ಇಲ್ಲದ ಒಂದು ಅಕ್ಷರವನ್ನೋ ಅಂಕಿಯನ್ನೋ ಚಿಹ್ನೆಯನ್ನೋ ಕೊಡುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಸರಿಯಾಗಿ ಮೂರು ಬೈಟ್‌ಗಳನ್ನು ತೆಗೆದುಕೊಳ್ಳುವುದರಿಂದ ಲೆಕ್ಕ ಇಲ್ಲಿ ಅಚ್ಚುಕಟ್ಟಾಗಿ ಕೂಡುತ್ತದೆ: 'ಕ' ಅಕ್ಷರ ದಾರಿಯಲ್ಲಿ 4, ಎಲ್, ಕೆ, ವಿ ಎಂಬ ನಾಲ್ಕು ಗುರುತುಗಳಾಗಿ ಸಾಗಿ, ಆಚೆ ದಡದಲ್ಲಿ ಮತ್ತೆ 'ಕ' ಆಗುತ್ತದೆ. 'ಕನ್ನಡ' ಎಂಬ ಪದ ಎರಡು ನಕಾರ, ಅವುಗಳ ನಡುವಿನ ಹಲಂತಚಿಹ್ನೆ ಸೇರಿ ಐದು ಸಂಕೇತಗಳಾಗಿದ್ದು, 15 ಬೈಟ್‌ಗಳಿಂದ 20 ಗುರುತುಗಳಾಗಿ ಹಿಗ್ಗುತ್ತದೆ. ಮೂರನೆಯ ಒಂದು ಭಾಗದಷ್ಟು ಹಿಗ್ಗು ಸಣ್ಣ ಕಡತಗಳಿಗೆ ಲೆಕ್ಕಕ್ಕಿಲ್ಲವಾದರೂ ದೊಡ್ಡವುಗಳಿಗೆ ದುಬಾರಿ. ಹೀಗಾಗಿ ಎಸ್‌ಸಿಪಿ ಎಂಬ ಪ್ರತಿ ಸಾಗಣೆಯ ಆಜ್ಞೆಯನ್ನು ಬಳಸುವ ವಿಧಾನವನ್ನು ಆರಿಸಿಕೊಂಡಾಗ, ಸುಮಾರು 10 ಕಿಲೋಬೈಟ್‌ಗಿಂತ ದೊಡ್ಡ ಕಡತಗಳಿಗೆ ಮಾತ್ರ ಟ್ರ್ಯಾಂಪ್ ಪ್ರತ್ಯೇಕ ಸಂಪರ್ಕ ತೆರೆದು, ಚಿಕ್ಕವನ್ನು ಮಾತುಕತೆಯೊಳಗೇ ಮುಗಿಸುತ್ತದೆ.

ಕನ್ನಡ ಪಠ್ಯಕ್ಕೆ ಇದಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಸಾಗಣೆಯಲ್ಲ, ಉಳಿಸುವ ಕ್ರಮ. ವಿಂಡೋಸ್‌ನ ನೋಟ್‌ಪ್ಯಾಡ್ ಬಹುಕಾಲ ಯುಟಿಎಫ್-8 ಕಡತಗಳ ತಲೆಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಗುರುತೊಂದನ್ನು ಸೇರಿಸುತ್ತಿತ್ತು. ಪಿಎಚ್‌ಪಿ ಭಾಷೆಯ ಕಡತವನ್ನು ಹಾಗೆ ಉಳಿಸಿ ಸರ್ವರ್‌ಗೆ ಏರಿಸಿದರೆ, ಪುಟದ ತಲೆಬರಹದ ಮಾಹಿತಿ ಹೋಗುವ ಮೊದಲೇ ಆ ಮೂರು ಬೈಟ್‌ಗಳು ಬ್ರೌಸರ್‌ಗೆ ಹೊರಟುಬಿಡುವುದರಿಂದ ಲಾಗಿನ್‌ನಂಥ ಸೌಲಭ್ಯಗಳೇ ಕೆಟ್ಟುಹೋಗುತ್ತಿದ್ದವು, ಕಣ್ಣಿಗೆ ಕಾಣದ ಕಾರಣವನ್ನು ಹುಡುಕುವುದೂ ಸುಲಭವಿರಲಿಲ್ಲ. 2019ರ ವಿಂಡೋಸ್ 10 ಪರಿಷ್ಕರಣೆಯ ಬಳಿಕ ನೋಟ್‌ಪ್ಯಾಡ್ ಈ ಗುರುತಿಲ್ಲದ ಯುಟಿಎಫ್-8 ಪದ್ಧತಿಯನ್ನೇ ಸಹಜ ಕ್ರಮವಾಗಿ ಮಾಡಿಕೊಂಡಿತು.

ಟ್ರ್ಯಾಂಪ್‌ನ ಕಡತದ ಹೆಸರುಗಳನ್ನು ಲಂಬಗೆರೆಯಿಂದ ಒಂದಕ್ಕೊಂದು ಪೋಣಿಸಬಹುದು. ಸಂಸ್ಥೆಯೊಂದರ ಒಳಜಾಲಕ್ಕೆ ಹೊರಗಿನಿಂದ ಒಂದೇ ಯಂತ್ರದ ಮೂಲಕ ಪ್ರವೇಶವಿದ್ದಾಗ, ಮೊದಲು ಆ ಯಂತ್ರ, ಅಲ್ಲಿಂದ ಒಳಗಿನ ಸರ್ವರ್, ಅಲ್ಲಿ ಆಡಳಿತಾಧಿಕಾರದ ಸುಡೊ ಎಂದು ಮೂರು ಮಜಲುಗಳನ್ನು ಒಂದೇ ಹೆಸರಿನಲ್ಲಿ ಬರೆದು ಕಡತವನ್ನು ತೆರೆಯಬಹುದಾಗಿದ್ದು, ಬರಿಯ ಕಡತ ಸಾಗಣೆಯ ಸಾಧನಗಳಿಗೆ ಇದು ಸುಲಭವಾಗಿ ಎಟುಕುವುದಲ್ಲ. ವಿಐಯ ಉತ್ತರಾಧಿಕಾರಿಯಾದ ವಿಮ್‌ನಲ್ಲಿಯೂ ನೆಟ್‌ಆರ್‌ಡಬ್ಲ್ಯು ಎಂಬ ಸೇರ್ಪಡೆಯ ಮೂಲಕ ದೂರದ ಕಡತಗಳನ್ನು ತೆರೆಯಬಹುದು. ಅದು ಕಡತವನ್ನು ತಂದು ಮರಳಿಸುವುದರಲ್ಲಿ ಸಮರ್ಥವಾದರೂ, ದೂರದ ಯಂತ್ರವನ್ನು ತನ್ನದೇ ಯಂತ್ರವೆಂಬಂತೆ ನಡೆಸಿಕೊಳ್ಳುವ ಮಹತ್ವಾಕಾಂಕ್ಷೆ ಅದಕ್ಕಿಲ್ಲ.

ಆದರೆ ಆ ಮಹತ್ವಾಕಾಂಕ್ಷೆಗೆ ಬೆಲೆ ತೆರಬೇಕಾಗುತ್ತದೆ. ಎಡಿಟರ್ ಒಂದು ಕಡತವನ್ನು ತೆರೆಯುವಾಗ ಅದರ ಒಡಲನ್ನಷ್ಟೇ ಓದುವುದಿಲ್ಲ. ಕಡತ ಇದೆಯೇ, ಬರೆಯಲು ಅನುಮತಿಯಿದೆಯೇ, ಕೊನೆಗೆ ಯಾವಾಗ ಬದಲಾಯಿತು, ಅದು ಇರುವ ಕೋಶ ಹಿಂದಿನ ಬದಲಾವಣೆಗಳ ದಾಖಲೆಯಿಡುವ ಆವೃತ್ತಿ ನಿಯಂತ್ರಣದ ಅಡಿಯಲ್ಲಿದೆಯೇ, ಅದರ ಮೇಲಿನ ಕೋಶವೋ ಎಂದು ಹತ್ತಾರು ಪ್ರಶ್ನೆಗಳನ್ನು ಕೇಳುತ್ತದೆ. ಸ್ವಂತ ಯಂತ್ರದಲ್ಲಿ ಇವಕ್ಕೆ ತಗಲುವ ಸಮಯ ಗಮನಕ್ಕೇ ಬಾರದು, ಆದರೆ ಒಂದು ಸುತ್ತಿಗೆ 200 ಮಿಲಿಸೆಕೆಂಡು ಹಿಡಿಯುವ ದಾರಿಯಲ್ಲಿ ಇಪ್ಪತ್ತು ಪ್ರಶ್ನೆಗಳನ್ನು ಒಂದಾದಮೇಲೊಂದು ಕೇಳಿದರೆ ನಾಲ್ಕು ಸೆಕೆಂಡುಗಳು ಕಳೆದುಹೋಗುತ್ತವೆ. ಸಂಪರ್ಕದ ವೇಗವನ್ನು ಹತ್ತು ಪಟ್ಟು ಹೆಚ್ಚಿಸಿದರೂ ಆ ನಾಲ್ಕು ಸೆಕೆಂಡು ಕರಗುವುದಿಲ್ಲ, ಏಕೆಂದರೆ ಅಲ್ಲಿ ಸಾಗುತ್ತಿರುವ ಸರಕು ಅತ್ಯಲ್ಪ. ಕೇಳಿದ ಉತ್ತರವನ್ನು ಟ್ರ್ಯಾಂಪ್ ಸಾಮಾನ್ಯವಾಗಿ 10 ಸೆಕೆಂಡುಗಳವರೆಗೆ ನೆನಪಿಟ್ಟುಕೊಂಡು ಮರುಪ್ರಶ್ನೆಯನ್ನು ತಪ್ಪಿಸುತ್ತದೆ. ಆ ಅವಧಿಯನ್ನು ಹೆಚ್ಚಿಸಿದರೆ ಕೆಲಸ ಚುರುಕಾಗುತ್ತದೆ, ಆದರೆ ಅಷ್ಟರಲ್ಲಿ ಬೇರೆ ಯಾರಾದರೂ ಕಡತವನ್ನು ಬದಲಿಸಿದ್ದರೆ ಹಳಸಿದ ಉತ್ತರವೇ ಗತಿ. ಆವೃತ್ತಿ ನಿಯಂತ್ರಣದ ಪ್ರಶ್ನೆಗಳನ್ನು ದೂರದ ಕಡತಗಳಿಗೆ ಪೂರ್ತಿ ನಿಲ್ಲಿಸಿಬಿಡುವುದೇ ಅನುಭವಸ್ಥರು ಕೊಡುವ ಮೊದಲ ಸಲಹೆ.

ಪ್ರಶ್ನೆಗಳು ದೂರ ಪ್ರಯಾಣ ಮಾಡುವುದೇ ತೊಂದರೆಯಾದರೆ, ಪ್ರಶ್ನೆ ಕೇಳುವ ಭಾಗವನ್ನೇ ಅಲ್ಲಿಗೆ ಕಳುಹಿಸಬಹುದೆಂಬುದು ನಾಲ್ಕನೆಯ ದಾರಿಯ ತರ್ಕ. ಇದು ಹೊಸದೆಂದು ಹಲವರು ಭಾವಿಸಿರುವುದುಂಟು, ಆದರೆ ಬೆಲ್ ಪ್ರಯೋಗಾಲಯದ ರಾಬ್ ಪೈಕ್ 1980ರ ದಶಕದಲ್ಲಿಯೇ ಸ್ಯಾಮ್ ಎಂಬ ಎಡಿಟರನ್ನು ಎರಡು ಪ್ರತ್ಯೇಕ ಪ್ರೋಗ್ರಾಂಗಳಾಗಿ ಕಟ್ಟಿದ್ದರು: ಪರದೆ ಮತ್ತು ಮೌಸ್‌ಗಳನ್ನು ನೋಡಿಕೊಳ್ಳುವ ಭಾಗ ಬಳಕೆದಾರರ ಮುಂದಿದ್ದು, ಕಡತಗಳನ್ನು ಹಿಡಿದಿಟ್ಟುಕೊಂಡು ಹುಡುಕುವ, ಬದಲಿಸುವ ಭಾಗ ದೂರದ ಯಂತ್ರದಲ್ಲಿರಬಹುದಾಗಿತ್ತು, ಮುಂದಿನ ಭಾಗದ ಬಳಿ ಕಡತದಲ್ಲಿ ಕಣ್ಣಿಗೆ ಬೀಳುವಷ್ಟು ತುಣುಕುಗಳಿದ್ದರೆ ಸಾಕಾಗುತ್ತಿತ್ತು. ಮೈಕ್ರೋಸಾಫ್ಟ್ ತನ್ನ ವಿಎಸ್ ಕೋಡ್ ಎಡಿಟರ್‌ಗೆ 2019ರ ಮೇ ತಿಂಗಳಲ್ಲಿ ಪ್ರಕಟಿಸಿದ ದೂರ ಸಂಪರ್ಕದ ಸೇರ್ಪಡೆಗಳು ಇದೇ ಹಂಚಿಕೆಯನ್ನು ಬಹುದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದವು. ಮೊದಲ ಬಾರಿ ಸಂಪರ್ಕಿಸಿದಾಗ ಎಡಿಟರ್ ತನ್ನ ಸರ್ವರ್ ಭಾಗವನ್ನು ದೂರದ ಯಂತ್ರದಲ್ಲಿ ತಾನೇ ಸ್ಥಾಪಿಸಿಕೊಳ್ಳುತ್ತದೆ. ಬಳಿಕ ಹುಡುಕಾಟ, ಆವೃತ್ತಿ ನಿಯಂತ್ರಣ, ಪ್ರೋಗ್ರಾಂನ ತಪ್ಪುಗಳನ್ನು ಗುರುತಿಸುವ ವಿಶ್ಲೇಷಣೆ ಎಲ್ಲವೂ ಅಲ್ಲಿಯೇ ನಡೆದು, ಫಲಿತಾಂಶ ಮಾತ್ರ ಇತ್ತ ಬರುತ್ತದೆ. ಅಕ್ಷರಗಳು ಮೂಡುವುದು ಮುಂದಿರುವ ಯಂತ್ರದಲ್ಲೇ ಆದ್ದರಿಂದ ಬೆರಳಚ್ಚಿನಲ್ಲಿ ವಿಳಂಬವೂ ತೋರದು.

ಸೌಕರ್ಯದಲ್ಲಿ ಇದನ್ನು ಮೀರಿಸುವ ಪದ್ಧತಿ ಸದ್ಯಕ್ಕಿಲ್ಲವೆಂದು ಒಪ್ಪಬೇಕು, ಆದರೆ ಟ್ರ್ಯಾಂಪ್ ಕೇವಲ ಶೆಲ್ ಇದ್ದರೆ ಸಾಕೆನ್ನುವಲ್ಲಿ ಇದು ದೂರದ ಯಂತ್ರದಿಂದ ಬಹಳಷ್ಟನ್ನು ಬೇಡುತ್ತದೆ. 2024ರ ಆರಂಭದಲ್ಲಿ ಬಂದ ಆವೃತ್ತಿಯೊಂದು, ಲಿನಕ್ಸ್‌ನ ಮೂಲಗ್ರಂಥಾಲಯವಾದ ಗ್ಲಿಬ್‌ಸಿ 2.28ಕ್ಕಿಂತ ಹಳೆಯದಾಗಿದ್ದ ಸರ್ವರ್‌ಗಳಿಗೆ ಸಂಪರ್ಕವನ್ನೇ ನಿರಾಕರಿಸಿದಾಗ, ಹಳೆಯ ವ್ಯವಸ್ಥೆಗಳನ್ನು ಬದಲಿಸುವ ಅಧಿಕಾರವಿಲ್ಲದ ಬಳಕೆದಾರರು ಹೊಯ್ಲಿಟ್ಟು, ಕಂಪನಿ ಆ ಕಟ್ಟಳೆಯನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ಎಡಿಟರ್‌ನ ತಿರುಳು ಮುಕ್ತ ಆಕರದ್ದಾದರೂ ಈ ದೂರ ಸಂಪರ್ಕದ ಸೇರ್ಪಡೆಗಳು ಹಾಗಲ್ಲ. ಅಲ್ಲದೆ ಎರಡು ಭಾಗಗಳ ನಡುವಿನ ನಂಟು ಗಾಢವಾದಷ್ಟೂ, ದೂರದ ಯಂತ್ರ ದುಷ್ಟರ ಕೈವಶವಾದರೆ ಅದೇ ಸಂಪರ್ಕದ ಮೂಲಕ ಮೇಜಿನ ಮೇಲಿನ ಯಂತ್ರಕ್ಕೂ ನುಗ್ಗುವ ಸಾಧ್ಯತೆಯಿದ್ದು, ನಂಬಿಕೆಯಿಲ್ಲದ ಸರ್ವರ್‌ಗಳಿಗೆ ಇದನ್ನು ಬಳಸಬಾರದೆಂದು ಸೇರ್ಪಡೆಯ ಕೈಪಿಡಿಯೇ ಎಚ್ಚರಿಸುತ್ತದೆ.

ಯಾವ ದಾರಿ ಹಿಡಿದರೂ ತಪ್ಪದ ಕೆಲವು ತೊಡಕುಗಳಿವೆ. ಇಬ್ಬರು ಒಂದೇ ಕಡತವನ್ನು ತೆರೆದಿದ್ದರೆ ಕೊನೆಗೆ ಉಳಿಸಿದವರ ಬರಹ ಮೊದಲಿನವರ ಬರಹವನ್ನು ಅಳಿಸಿಹಾಕುತ್ತದೆ. ಈಮ್ಯಾಕ್ಸ್ ಉಳಿಸುವ ಮುನ್ನ ಕಡತ ನಡುವೆ ಬದಲಾಗಿದೆಯೇ ಎಂದು ನೋಡಿ ಎಚ್ಚರಿಸುತ್ತದೆ. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರಿಗೆ ತಿಳಿಸುವ ಬೀಗದ ಕಡತಗಳನ್ನು 2022ರ 28ನೆಯ ಆವೃತ್ತಿಯಿಂದ ದೂರದ ಯಂತ್ರಗಳಿಗೂ ವಿಸ್ತರಿಸಲಾಗಿದೆ, ಆದರೆ ಆ ಬೀಗವನ್ನು ಬೇರೆ ಎಡಿಟರ್‌ಗಳು ಗೌರವಿಸಬೇಕೆಂಬ ನಿಯಮವಿಲ್ಲ. ಇದಕ್ಕಿಂತ ಕಡಿಮೆ ಗಮನಕ್ಕೆ ಬರುವ ಅಪಾಯವೆಂದರೆ ಎಡಿಟರ್‌ಗಳು ಹಿಂದೆ ಬಿಟ್ಟುಹೋಗುವ ಬಾಲಂಗೋಚಿಗಳು. ಈಮ್ಯಾಕ್ಸ್ ತಿದ್ದುವ ಮುನ್ನಿನ ಪ್ರತಿಯನ್ನು ಹೆಸರಿನ ಕೊನೆಗೆ ಅಲೆಗೆರೆ ಸೇರಿಸಿ ಅದೇ ಕೋಶದಲ್ಲಿ ಇಡುತ್ತದೆ, ವಿಮ್ ಚುಕ್ಕೆಯಿಂದ ಶುರುವಾಗುವ ಸ್ವಾಪ್ ಕಡತವನ್ನು ಇಡುತ್ತದೆ. ಜಾಲತಾಣದ ಸರ್ವರ್ ಪಿಎಚ್‌ಪಿ ಎಂದು ಕೊನೆಗೊಳ್ಳುವ ಕಡತವನ್ನು ಪ್ರೋಗ್ರಾಂ ಎಂದು ತಿಳಿದು ನಡೆಸುತ್ತದೆ, ಆದರೆ ಅದರ ಕೊನೆಗೊಂದು ಅಲೆಗೆರೆ ಸೇರಿದೊಡನೆ ಅದನ್ನು ಬರಿಯ ಪಠ್ಯವೆಂದು ಭಾವಿಸಿ ಕೇಳಿದವರಿಗೆಲ್ಲ ಕೊಟ್ಟುಬಿಡುವುದರಿಂದ, ದತ್ತಾಂಶಕೋಶದ ಗುಪ್ತಪದವನ್ನು ಹೊತ್ತ ಸಂರಚನಾ ಕಡತ ಸಾರ್ವಜನಿಕರ ಓದಿಗೆ ತೆರೆದಿರುತ್ತದೆ. ಇಂಥ ಪ್ರತಿಗಳನ್ನು ಹುಡುಕುತ್ತ ಜಾಲತಾಣಗಳನ್ನು ತಡಕುವ ಪ್ರೋಗ್ರಾಂಗಳು ಹಗಲಿರುಳು ಓಡುತ್ತಿರುವ ಕಾರಣ, ಹಳೆಯ ಪ್ರತಿಗಳನ್ನು ತನ್ನ ಯಂತ್ರದಲ್ಲೇ ಇಟ್ಟುಕೊಳ್ಳುವಂತೆ ಎಡಿಟರ್‌ಗೆ ತಿಳಿಸುವುದನ್ನೂ, ಅಲೆಗೆರೆ ಅಥವಾ ಸ್ವಾಪ್ ಹೆಸರಿನ ಕಡತಗಳನ್ನು ಯಾರಿಗೂ ಕೊಡಬಾರದೆಂದು ಸರ್ವರ್‌ನ ಸಂರಚನೆಯಲ್ಲಿ ಬರೆಯುವುದನ್ನೂ ದೂರದ ಕಡತವನ್ನು ಮೊದಲ ಬಾರಿ ತೆರೆಯುವ ಮುನ್ನವೇ ಮಾಡಿಟ್ಟುಕೊಳ್ಳುವುದು ರೂಢಿ.